ಪದಚರ್ಚೆ: ಕಾಮಿಕ್ಸ್ ನಾಯಕನ ‘ಕ್ರಿಯೇಟರ್’ಗೆ ‘ರೂವಾರಿ’ ಏಕೆ ಸಲ್ಲಬಾರದು?

ಮಾನ್ಯರೇ,

ಕಾಮಿಕ್ಸ್ ಪ್ರದರ್ಶನದ ಫಲಕದಲ್ಲಿ, ನಾಯಕನನ್ನು ರೂಪಿಸಿದ ‘ಕ್ರಿಯೇಟರ್’ಗಳಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ತಾವು ಕೇಳಿದ್ದೀರಿ. ಫಲಕ ನಾಳೆಯೇ ಮುದ್ರಣಕ್ಕೆ ಹೋಗಬೇಕೆಂದು ತಿಳಿಸಿರುವುದರಿಂದ ಉತ್ತರವನ್ನೇ ಮೊದಲು ಹೇಳುತ್ತೇನೆ. ‘ಕ್ಯಾಪ್ಟನ್ ಅಮೆರಿಕ ಕಾಮಿಕ್ಸ್’ನ ಮೊದಲ ಸಂಚಿಕೆಯ ಕೆಳಗೆ ‘ರೂವಾರಿಗಳು: ಜೋ ಸೈಮನ್, ಜ್ಯಾಕ್ ಕರ್ಬಿ’ ಎಂದು ಬರೆಯಿರಿ. ನಿನ್ನೆ ಇಲ್ಲಿ ಸೂಚಿಸಲಾದ ‘ಸೃಷ್ಟಿಕರ್ತರು’ ಬ್ರಹ್ಮನಿಗೆ ಸಂದ ಮಾತು. ಗಡುವಿಗೆ ಸಿಕ್ಕಿ ಪುಟ ತುಂಬಿಸುತ್ತಿದ್ದ ಇಬ್ಬರು ಯುವಕರಿಗೆ ಅದು ಒಪ್ಪುವುದಿಲ್ಲ. ‘ಜನಕರು’ ಚರ್ಚೆಗೂ ಯೋಗ್ಯವಲ್ಲ.

ಪತ್ರಿಕೆಗಳಲ್ಲಿ ‘ಸಂಚಿನ ರೂವಾರಿ’ ಎಂದು ಓದಿ ಓದಿ ಈ ಪದ ಕೆಟ್ಟುಹೋಗಿದೆ ಎಂಬ ಆಕ್ಷೇಪವನ್ನು ನಾನು ಒಪ್ಪಲಾರೆ. ರೂವಾರಿ ಎಂದರೆ ರೂಪ ಕೊಡುವವನು, ಶಿಲ್ಪಿ. ಹೊಯ್ಸಳ ದೇಗುಲಗಳಲ್ಲಿ ದಾಸೋಜ, ಮಲ್ಲಿತಮ್ಮ ಮೊದಲಾದವರು ತಾವು ಕಡೆದ ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರನ್ನೂ ಕೆತ್ತಿದ್ದಾರೆ. ಹಿಟ್ಲರನ ದವಡೆಗೆ ಗುದ್ದುತ್ತಿರುವ ಆ ಮುಖಪುಟದ ಆಕೃತಿಯನ್ನು ಕಂಡವರು, ಅದನ್ನು ಬರೆದ ಕೈಗೆ ಶಿಲ್ಪಿಯ ಹೆಸರು ಸಲ್ಲದೆನ್ನಲಾರರು.

ಉಳಿದ ಹೊಣೆಗಳಿಗೂ ಶಾಸನಗಳೇ ದಾರಿ ತೋರುತ್ತವೆ. ಪಾಠ ರಚಿಸಿದವನೊಬ್ಬ, ಕಲ್ಲಿನ ಮೇಲೆ ಅಕ್ಷರ ಬರೆದವನೊಬ್ಬ, ಕಂಡರಿಸಿದವನು ಮತ್ತೊಬ್ಬ ಎಂದು ಅವು ಕೆಲಸವನ್ನು ವಿಂಗಡಿಸಿ ಹೇಳುತ್ತವೆ. ಕಾಮಿಕ್ಸ್‌ನಲ್ಲೂ ಪೆನ್ಸಿಲಿನಲ್ಲಿ ಬರೆದವರ ಗೆರೆಯ ಮೇಲೆ ಇನ್ನೊಬ್ಬರು ಮಸಿಯಲ್ಲಿ ತಿದ್ದುತ್ತಾರೆ, ಮಗದೊಬ್ಬರು ಮಾತಿನ ಅಕ್ಷರಗಳನ್ನು ತುಂಬುತ್ತಾರೆ. ಆದ್ದರಿಂದ ‘ಪೆನ್ಸಿಲ್ ಗೆರೆ’, ‘ಮಸಿ ಗೆರೆ’, ‘ಅಕ್ಷರ’ ಎಂದು ಕೆಲಸವನ್ನು ಹೆಸರಿಸಿ, ಮುಂದೆ ವ್ಯಕ್ತಿಯ ಹೆಸರು ಹಾಕಿದರೆ ಸಾಕು. ಮಸಿಯಲ್ಲಿ ತಿದ್ದುವವರಿಗೆ ‘ಮಸಿಗಾರ’ ಎಂಬ ಹೊಸ ಪದವನ್ನು ದಯವಿಟ್ಟು ಕೈಬಿಡಿ. ಕನ್ನಡದ ಕಿವಿಗೆ ಅದು ಮಸಿ ಮಾರುವವನೆಂದೇ ಕೇಳಿಸುತ್ತದೆ.

ಅಚ್ಚಗನ್ನಡದ ಮಿತ್ರರು ‘ರೂವಾರಿ’ಯೂ ಎರವಲೇ ಎಂದಿದ್ದಾರೆ. ಹೌದು, ಮೂಲದಲ್ಲಿ ಅದು ‘ರೂಪಕಾರಿ’. ಆದರೆ ಪಕಾರ ವಕಾರವಾಗಿ, ಕಕಾರ ಉದುರಿ, ‘ಕುಂಭಕಾರ’ ಕುಂಬಾರನಾದಂತೆಯೇ ನಮ್ಮವರ ನಾಲಗೆಯಲ್ಲಿ ಹೊರಳಿ ಅದು ನಮ್ಮದಾಯಿತು. ಶತಮಾನಗಳ ಬಳಕೆಯಲ್ಲಿ ಪಳಗಿದ ಮಾತನ್ನು ಅದರ ಹುಟ್ಟೂರಿನ ಕಾರಣಕ್ಕೆ ಹೊರಗಟ್ಟಿ, ನಿನ್ನೆ ರಾತ್ರಿ ಹೊಸೆದ ಪದವನ್ನು ಒಳಗೆ ಕೂರಿಸುವುದು ಭಾಷಾಪ್ರೇಮವಲ್ಲ. ಇದೇ ನ್ಯಾಯದಿಂದ ‘ಸೂಪರ್‌ಹೀರೋ’ವನ್ನು ಹಾಗೆಯೇ ಉಳಿಸಿಕೊಳ್ಳಿ. ಕ್ಯಾಪ್ಟನ್ ಅಮೆರಿಕ ಆಗುವ ಬಡಕಲು ದೇಹದ ಸ್ಟೀವ್ ರೋಜರ್ಸ್ ಪ್ರಯೋಗಾಲಯದ ಔಷಧದಿಂದ ಬಲಿಷ್ಠನಾದವನು. ಅವನನ್ನು ‘ಅವತಾರಪುರುಷ’ ಎಂದರೆ ಕಥೆಯೇ ಸುಳ್ಳಾಗುತ್ತದೆ.

ತಮ್ಮ ಕರಡಿನಲ್ಲಿ ಅವನ ಕೈಯಲ್ಲಿರುವುದನ್ನು ‘ಕವಚ’ ಎಂದಿದ್ದೀರಿ. ಕವಚ ಮೈಗೆ ತೊಡುವಂಥದು, ಇದು ಗುರಾಣಿ. ಮೊದಲ ಸಂಚಿಕೆಯಲ್ಲಿ ಅದು ದುಂಡಗಿಲ್ಲ, ಕೆಳಗೆ ಮೊನೆಯಾಗಿದೆ. ಬೇರೊಬ್ಬ ಪ್ರಕಾಶಕರ ‘ಶೀಲ್ಡ್’ ಎಂಬ ನಾಯಕನ ಉಡುಪನ್ನು ಹೋಲುತ್ತದೆಂಬ ತಕರಾರು ಬಂದು ಎರಡನೆಯ ಸಂಚಿಕೆಯಿಂದ ದುಂಡಗಾಯಿತು. ಹೀಗಾಗಿ ‘ದುಂಡು’ ಎಂಬ ವಿಶೇಷಣವೂ ಹೋಗಬೇಕು. ನಾಯಕನ ಕಿರಿಯ ಜೊತೆಗಾರ ಬಕಿಗೆ ‘ಚೇಲ’ ಎನ್ನಬೇಡಿ, ಅದರಲ್ಲಿ ತಿರಸ್ಕಾರವಿದೆ, ‘ಬಂಟ’ ಎನ್ನಿ.

ಕೊನೆಯದಾಗಿ, ‘ಯುದ್ಧಕ್ಕಿಳಿದ ಅಮೆರಿಕದ ಕಾಮಿಕ್ಸ್’ ಎಂಬ ಶೀರ್ಷಿಕೆ ತಪ್ಪು. 1941ರ ಮಾರ್ಚ್ ಎಂದು ನಮೂದಾದ ಈ ಸಂಚಿಕೆ 1940ರ ಡಿಸೆಂಬರಿನಲ್ಲೇ ಮಾರಾಟಕ್ಕೆ ಬಂದಿತ್ತು. ಅಮೆರಿಕವನ್ನು ಯುದ್ಧಕ್ಕಿಳಿಸಿದ ಪರ್ಲ್ ಹಾರ್ಬರ್ ದಾಳಿಗೆ ಆಗ ಇನ್ನೂ ಸುಮಾರು ಒಂದು ವರ್ಷವಿತ್ತು. ಯುರೋಪು ಆಗಲೇ ಹೊತ್ತಿ ಉರಿಯುತ್ತಿದ್ದುದರಿಂದ ‘ಯುದ್ಧಕಾಲದ’ ಎಂದಷ್ಟೇ ಇರಲಿ.