ಸೌರಾನ್ ಮುಟ್ಟೇ ಇಲ್ಲದ ಮೂರು ಉಂಗುರಗಳು ಒನ್ ರಿಂಗ್ ಜೊತೆಗೇ ಯಾಕೆ ಸತ್ತವು?

ಕಾಡುದಾರಿ

ಟೋಲ್ಕಿನ್ ಬರೆದ ಲಾರ್ಡ್ ಆಫ್ ದಿ ರಿಂಗ್ಸ್ ಓದಿದವರಿಗೆ ಪ್ರಶ್ನೆ. ಸಿನಿಮಾ ಬಿಡಿ, ಪುಸ್ತಕದ ಲೆಕ್ಕದಲ್ಲಿ ಹೇಳಿ.

ಎಲ್ಫರ ಮಾಂತ್ರಿಕ ಉಂಗುರಗಳಾದ ನೆನ್ಯಾ, ವಿಲ್ಯಾ, ನಾರ್ಯಾ ಮೂರನ್ನೂ ಮಾಡಿದ್ದು ಎಲ್ಫ್ ಅಕ್ಕಸಾಲಿಗ ಕೆಲೆಬ್ರಿಂಬೋರ್ ಒಬ್ಬನೇ, ಕತೆಯ ಖಳ ಸೌರಾನ್ ಕೈ ಅವಕ್ಕೆ ತಾಗಿಯೇ ಇಲ್ಲ. ಇದು ಪುಸ್ತಕದಲ್ಲೇ ಸ್ಪಷ್ಟವಾಗಿದೆ. ಹಾಗಿದ್ದ ಮೇಲೆ ಸೌರಾನ್ ತನಗಾಗಿ ಮಾಡಿಕೊಂಡ ಒನ್ ರಿಂಗ್ ಬೆಂಕಿಗೆ ಬಿದ್ದರೆ ಇವಕ್ಕೇನು? ಪಕ್ಕದ ಮನೆ ಫ್ಯೂಸ್ ಹೋದರೆ ನಮ್ಮನೆ ದೀಪ ಯಾಕೆ ಆರಬೇಕು?

ಆರಿತು ಅಂತಲೇ ಇಟ್ಟುಕೊಂಡರೂ ಇನ್ನೊಂದು ತೊಡಕಿದೆ. ಸೌರಾನ್ ಕೋಟೆ ಬರಾದ್-ದೂರ್ ಆ ಕ್ಷಣವೇ ಕುಸಿದುಬಿತ್ತು, ವಿಲ್ಯಾ ಇದ್ದ ಎಲ್ಫರ ನೆಲೆ ರಿವೆಂಡೆಲ್‌ನ ಒಂದು ಕಲ್ಲೂ ಅಲುಗಲಿಲ್ಲ. ನೆನ್ಯಾ ತೊಟ್ಟಿದ್ದ ಎಲ್ಫ್ ಒಡತಿ ಗಲಾಡ್ರಿಯೆಲ್ ಹಾಬಿಟ್ ಸ್ಯಾಮ್‌ಗೆ ಕೊಟ್ಟ ಮಣ್ಣಂತೂ ಮರುವರ್ಷ ಅವನ ಊರು ಶೈರ್‌ನಲ್ಲಿ ಭರ್ಜರಿಯಾಗಿ ಕೆಲಸ ಮಾಡಿತು. ನೆನ್ಯಾ ಸತ್ತಿದ್ದರೆ ಅದು ಹೇಗೆ?

ಅನುಬಂಧ_ಬಿ

ಕೈ ತಾಗಿಲ್ಲ, ನಿಜ. ಆದರೆ ಕಸುಬು ತಾಗಿದೆ. ನಿಮ್ಮ ಫ್ಯೂಸಿನ ಮಾತಲ್ಲೇ ಹೇಳೋದಾದರೆ, ಮನೆ ಎರಡಾದರೂ ಟ್ರಾನ್ಸ್‌ಫಾರ್ಮರ್ ಒಂದೇ.

ಎರಡನೇ ಯುಗದ 1200ರ ಹೊತ್ತಿಗೆ ಸೌರಾನ್ ಒಳ್ಳೆಯವನ ವೇಷದಲ್ಲಿ, ಅನ್ನಾಟಾರ್ ಅಂತ ಹೆಸರಿಟ್ಟುಕೊಂಡು ಎಲ್ಫರ ಬಾಗಿಲಿಗೆ ಬರುತ್ತಾನೆ. ಎಲ್ಫ್ ರಾಜ ಗಿಲ್-ಗಲಾಡ್ ಅವನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಎರೆಗಿಯನ್‌ನ ಎಲ್ಫ್ ಅಕ್ಕಸಾಲಿಗರು ಬಿಟ್ಟುಕೊಂಡರು. ಸುಮಾರು 1500ರಲ್ಲಿ ಉಂಗುರಗಳ ಕೆಲಸ ಶುರುವಾಯಿತು, ಅವನ ಮಾರ್ಗದರ್ಶನದಲ್ಲೇ. ಅವನು ಹೊರಟುಹೋದ ಮೇಲೆ ಕೆಲೆಬ್ರಿಂಬೋರ್ ಒಬ್ಬನೇ ಕೂತು ಮೂರನ್ನು ಮಾಡಿದ, ಸುಮಾರು 1590ಕ್ಕೆ ಮುಗಿಸಿದ. ಉದ್ದೇಶ ಅವನದು, ಕುಸುರಿ ಅವನದು, ಆದರೆ ಲೋಹದೊಳಗೆ ಶಕ್ತಿ ಕೂರಿಸುವ ವಿದ್ಯೆ ಕಲಿತದ್ದು ಅನ್ನಾಟಾರ್‌ನಿಂದ. ಸುಮಾರು 1600ರಲ್ಲಿ ಸೌರಾನ್ ಒನ್ ರಿಂಗ್ ಎರಕ ಹೊಯ್ದದ್ದು ಆ ವಿದ್ಯೆಯಿಂದ ಆದ ಎಲ್ಲದರ ಮೇಲೂ ಹಿಡಿತ ಸಿಗಲಿ ಅಂತಲೇ. ಎಲ್ಫರ ಉಂಗುರಗಳು ಬಲವಾಗಿದ್ದವು, ಅವನ್ನು ಆಳುವಂಥದ್ದು ಅದಕ್ಕಿಂತ ಬಲವಾಗಿರಬೇಕಲ್ಲ. ಹಾಗಾಗಿ ತನ್ನ ಶಕ್ತಿಯ ದೊಡ್ಡ ಪಾಲನ್ನೇ ಅದಕ್ಕೆ ಸುರಿಯಬೇಕಾಯಿತು.

ಕೊಂಡಿ ಇತ್ತು ಅನ್ನೋದಕ್ಕೆ ಸಾಕ್ಷಿ ಬೇಕಾದರೆ ಮುಂದಿನ ಘಟನೆ ನೋಡಿ. ಅವನು ಉಂಗುರ ತೊಟ್ಟ ಗಳಿಗೆಯಲ್ಲೇ ಎಲ್ಫರಿಗೆ ಗೊತ್ತಾಯಿತು, ತಕ್ಷಣ ತಮ್ಮವನ್ನು ಬಿಚ್ಚಿಟ್ಟರು. ಮೂರಕ್ಕೆ ಸಂಬಂಧವೇ ಇಲ್ಲದಿದ್ದರೆ ಅವನ್ನು ಅಡಗಿಸಿಡುವ ಅಗತ್ಯ ಎಲ್ಲಿಂದ ಬಂತು? 1600ರಿಂದ 3441ರವರೆಗೆ, ಅಂದರೆ ಸೌರಾನ್ ಬೆರಳು ಕತ್ತರಿಸಿ ಹೋಗುವವರೆಗೆ, ಅವು ಮುಚ್ಚಿಟ್ಟ ಒಡವೆಗಳು. ನಿಜವಾದ ಬಳಕೆ ಮೂರನೇ ಯುಗದಲ್ಲಿ. ಎಲ್ಲರೂ ಜಾರುವ ಜಾಗ ಇದೇ. ಮೂರು ಕೆಲಸ ಮಾಡಬೇಕಾದರೆ ಒನ್ ರಿಂಗ್ ಎಲ್ಲೋ ಇರಬೇಕು, ಆದರೆ ಸೌರಾನ್ ಬೆರಳಲ್ಲಿ ಇರಬಾರದು. ನದಿಯ ತಳದಲ್ಲೋ ಅದನ್ನು ಬಚ್ಚಿಟ್ಟುಕೊಂಡಿದ್ದ ಗೊಲ್ಲಮ್‌ನ ಗುಹೆಯಲ್ಲೋ ಇದ್ದಷ್ಟು ಕಾಲ ಎಲ್ಫರ ಕೆಲಸ ನಿರಾತಂಕ. ಕಳೆದುಹೋಗೋದು ಬೇರೆ, ಕರಗಿಹೋಗೋದು ಬೇರೆ.

ಇನ್ನೊಂದು ಮಾತು. ರಿವೆಂಡೆಲ್ ಒಡೆಯ ಎಲ್ರಾಂಡ್ ಕೂಡ, ಒನ್ ರಿಂಗ್ ಏನು ಮಾಡೋದು ಅಂತ ಸೇರಿದ ಸಭೆಯಲ್ಲಿ, ಇದನ್ನು ಖಡಾಖಂಡಿತವಾಗಿ ಹೇಳೋದಿಲ್ಲ. ಮೂರೂ ಸ್ವತಂತ್ರವಾಗಬಹುದು ಅಂತ ಕೆಲವರ ಆಸೆ, ಸೋತುಹೋಗುತ್ತವೆ ಅಂತ ತನ್ನ ನಂಬಿಕೆ, ಅನ್ನುತ್ತಾನೆ. ಆ ಅನುಮಾನ ಇಟ್ಟುಕೊಂಡೇ ಉಂಗುರ ನಾಶಕ್ಕೆ ಒಪ್ಪುತ್ತಾನೆ.

ಗೂಬೆಮರ

ಎರಡನೇ ತೊಡಕಿಗೆ ನನ್ನದು.

ಬರಾದ್-ದೂರ್ ಕಟ್ಟೋಕೆ ಶುರುವಾದದ್ದು ಎರಡನೇ ಯುಗದ ಸುಮಾರು 1000ದಲ್ಲಿ, ಮುಗಿದದ್ದು ಸುಮಾರು 1600ರಲ್ಲಿ, ಒನ್ ರಿಂಗ್ ಕೈಗೆ ಬಂದ ಮೇಲೆ. ಅಡಿಪಾಯವೇ ಉಂಗುರದ ಶಕ್ತಿಯಿಂದ ಆದದ್ದು. ಅದಕ್ಕೇ ಎರಡನೇ ಯುಗದ ಕೊನೆಗೆ ಮಿತ್ರಸೇನೆ ಗೆದ್ದು ಕೋಟೆ ಒಡೆದರೂ ಅಡಿಪಾಯ ಮಾತ್ರ ಉಳಿದಿತ್ತು. ಉಂಗುರ ಹೋಯಿತು, ಬುಡವೇ ಹೋಯಿತು. ರಿವೆಂಡೆಲ್ ಹಾಗಲ್ಲ. ಎರೆಗಿಯನ್ ಹಾಳಾದ 1697ರಲ್ಲಿ ಎಲ್ರಾಂಡ್ ಆಶ್ರಯಕ್ಕೆ ಅಂತ ಮಾಡಿಕೊಂಡ ನೆಲೆ ಅದು. ವಿಲ್ಯಾ ಅಲ್ಲಿ ಗೋಡೆ ನಿಲ್ಲಿಸಿರಲಿಲ್ಲ. ಕಾಲದ ಸವೆತವನ್ನು ತಡೆದಿತ್ತು ಅಷ್ಟೆ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದರೆ ಭರಣಿ ಒಡೆಯೋದಿಲ್ಲ, ಒಳಗಿನದು ಕೆಡೋಕೆ ಶುರುವಾಗುತ್ತದೆ, ಅದೂ ನಿಧಾನವಾಗಿ.

ಸ್ಯಾಮ್‌ನ ಮಣ್ಣಿಗೆ ಬರೋಣ. ಪ್ರಶ್ನೆ ಚೆನ್ನಾಗಿದೆ. ಒನ್ ರಿಂಗ್ ನಾಶವಾದದ್ದು ಮೂರನೇ ಯುಗದ 3019ರ ಮಾರ್ಚ್ 25. ಆಮೇಲೆ ಸ್ಯಾಮ್ ಊರಿಗೆ ಬಂದು ಒಂದೊಂದು ಸಸಿಯ ಬುಡಕ್ಕೂ ಒಂದೊಂದೇ ಕಣ ಹಾಕುತ್ತಾನೆ. ಮಿಕ್ಕದ್ದನ್ನು ಶೈರ್‌ನ ನಡುಮಧ್ಯದ ತ್ರೀ-ಫಾರ್ದಿಂಗ್ ಕಲ್ಲಿನ ಹತ್ತಿರ ಗಾಳಿಗೆ ತೂರುತ್ತಾನೆ. ಪೆಟ್ಟಿಗೆಯಲ್ಲಿದ್ದ ಬೆಳ್ಳಿಬಣ್ಣದ ಬೀಜ ಪಾರ್ಟಿ ಮೈದಾನದಲ್ಲಿ ನೆಡುತ್ತಾನೆ. ಮರುವರ್ಷದ ಏಪ್ರಿಲ್ 6ಕ್ಕೆ ಅದರಿಂದ ಹುಟ್ಟಿದ ಮ್ಯಾಲೋರ್ನ್ ಮರ ಹೊಂಬಣ್ಣದ ಹೂ ಬಿಟ್ಟಿತ್ತು. ಉಳಿದ ಸಸಿಗಳು ಇಪ್ಪತ್ತು ವರ್ಷದ್ದನ್ನು ಒಂದೇ ವರ್ಷದಲ್ಲಿ ಬೆಳೆದವು.

ಆ ಕೊನೆ ಮಾತು ಗಮನಿಸಿ. ಕಾಲ ಅಲ್ಲಿ ನಿಂತಿಲ್ಲ, ಓಡಿದೆ. ನೆನ್ಯಾದ ಕೆಲಸ ಇದಕ್ಕೆ ತದ್ವಿರುದ್ಧ, ಕಾಲವನ್ನು ತಡೆದು ಹಿಡಿಯೋದು. ಆದ್ದರಿಂದ ಈ ಮಣ್ಣು ಉಂಗುರದ ನೇರ ಕೆಲಸ ಅಂತ ನನಗೆ ಅನ್ನಿಸೋದಿಲ್ಲ. ಗಲಾಡ್ರಿಯೆಲ್ ತನ್ನ ತೋಟದ ಮಣ್ಣಿಗೆ ತನ್ನ ಹಾರೈಕೆ ಸೇರಿಸಿ ಕೊಟ್ಟಳು, ಕೊಟ್ಟಾಗ ಅವಳ ಶಕ್ತಿ ಇನ್ನೂ ಇತ್ತು. ಕೊಟ್ಟದ್ದು ಕೊಟ್ಟಾಯಿತು. ತಡೆದು ಹಿಡಿದದ್ದು ಕೈ ಬಿಟ್ಟರೆ ಹೋಗುತ್ತದೆ, ಬಿತ್ತಿದ್ದು ಹೋಗೋದಿಲ್ಲ.

ಕಾಡುದಾರಿ

ಭರಣಿ ಹೋಲಿಕೆ ಒಪ್ಪಿದೆ. ಅಂದರೆ ಏಳು ಸಮುದ್ರದಾಚೆ ಗಿಣಿಯಲ್ಲಿ ಪ್ರಾಣ ಇಟ್ಟ ರಾಕ್ಷಸನ ಕತೆಯೇ ಇದು ಅನ್ನಿ. ಹಾಗಾದರೆ ಉಂಗುರಕ್ಕೆ ಮಣಿದು ಸೌರಾನ್ ಸೇವಕರಾದ ಒಂಬತ್ತು ಪ್ರೇತಗಳು, ಆ ನಾಜ್ಗುಲ್‌ಗಳ ಪ್ರಾಣ ಅವರವರ ಬೆರಳಿನ ಒಂಬತ್ತು ಉಂಗುರಗಳಲ್ಲಿ ಇತ್ತಾ?

ಮಸಿಕುಡಿಕೆ

ಗಿಣಿ ಕತೆಯ ನೆಂಟಸ್ತಿಕೆ ಇದೆ, ಟೋಲ್ಕಿನ್ ಅವರೇ ತಮ್ಮ ಒಂದು ಪತ್ರದಲ್ಲಿ ಅದನ್ನು ಹೇಳಿಕೊಂಡಿದ್ದಾರೆ. ಆದರೆ ಗಿಣಿ ಸುಮ್ಮನೆ ಪಂಜರದಲ್ಲಿರುತ್ತದೆ. ಒನ್ ರಿಂಗ್ ತೊಟ್ಟಾಗ ಸೌರಾನ್‌ನ ಬಲ ಹೆಚ್ಚುತ್ತದೆ, ಕಳೆದುಹೋದಾಗಲೂ ಅವನು ಸಾಯೋದಿಲ್ಲ.

'ಅವರವರ ಬೆರಳಿನ' ಅನ್ನೋದು ಮಾತ್ರ ತಪ್ಪು. ಗೊಂದಲಕ್ಕೆ ಪುಸ್ತಕವೇ ಕಾರಣ. ಎಲ್ರಾಂಡ್ ಸಭೆಯಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಹೇಳೋದನ್ನು ಓದಿದರೆ ಒಂಬತ್ತೂ ನಾಜ್ಗುಲ್‌ಗಳ ಹತ್ತಿರವೇ ಇವೆ ಅನ್ನಿಸುತ್ತದೆ. ಅದೇ ಗ್ಯಾಂಡಾಲ್ಫ್ ಮೊದಲ ಭಾಗದ ಎರಡನೇ ಅಧ್ಯಾಯದಲ್ಲಿ, ಒನ್ ರಿಂಗ್ ಹೊತ್ತೊಯ್ದ ಹಾಬಿಟ್ ಫ್ರೋಡೋ ಮನೆಯಲ್ಲಿ ಕೂತು, ಒಂಬತ್ತನ್ನೂ ಸೌರಾನ್ ತನ್ನ ಹತ್ತಿರ ಸೇರಿಸಿಕೊಂಡಿದ್ದಾನೆ ಅಂದಿರುತ್ತಾನೆ. ಗಲಾಡ್ರಿಯೆಲ್ ಮಾತೂ ಅದೇ. ಟೋಲ್ಕಿನ್ ಪತ್ರದಲ್ಲೂ ಹಾಗೇ ಇದೆ: ಒಂಬತ್ತು ಉಂಗುರಗಳು ಸೌರಾನ್ ಕೈಯಲ್ಲಿ, ಅವುಗಳ ಮೂಲಕ ನಾಜ್ಗುಲ್‌ಗಳ ಇಚ್ಛೆಯೂ ಅವನ ಕೈಯಲ್ಲಿ.

ಕತೆಯೊಳಗಿನ ಪುರಾವೆ ಬೇಕಾ? ಗಲಾಡ್ರಿಯೆಲ್ ಕಾಡು ಲೋತ್ಲೋರಿಯೆನ್‌ನಲ್ಲಿ ಗಲಾಡ್ರಿಯೆಲ್ ಕೈಯ ನೆನ್ಯಾ ಫ್ರೋಡೋಗೆ ಕಾಣುತ್ತದೆ. ಪಕ್ಕದಲ್ಲೇ ನಿಂತ ಸ್ಯಾಮ್‌ಗೆ ಕಂಡದ್ದು ಅವಳ ಬೆರಳ ಸಂದಿಯಲ್ಲಿ ಒಂದು ನಕ್ಷತ್ರ, ಅಷ್ಟೆ. ಒನ್ ರಿಂಗ್ ಹೊತ್ತವನ ಕಣ್ಣು ಅಷ್ಟು ಚುರುಕು. ಅದೇ ಫ್ರೋಡೋ ಬೆಟ್ಟದ ಮೇಲೆ, ವೆದರ್‌ಟಾಪ್‌ನಲ್ಲಿ ಉಂಗುರ ತೊಟ್ಟುಕೊಂಡೇ ನಾಜ್ಗುಲ್‌ಗಳನ್ನು ನೋಡಿದ. ಬಿಳಿಚಿದ ಮುಖ, ಕತ್ತಿ, ನಾಯಕನ ಕಿರೀಟ ಎಲ್ಲ ಕಂಡಿತು. ಉಂಗುರದ ಸುದ್ದಿಯೇ ಇಲ್ಲ. 3019ರ ಮಾರ್ಚ್ 15ರಂದು ಆ ನಾಯಕ ಸತ್ತಾಗಲೂ ಉಳಿದದ್ದು ಬರಿದಾದ ನಿಲುವಂಗಿ, ಕವಚ, ಉರುಳಿದ ಕಿರೀಟ.

ಸಿನಿಮಾ ಮೊದಲು ನೋಡಿದವರು ಮಾಡುವ ಇನ್ನೊಂದು ತಪ್ಪು: ಏಳು ಉಂಗುರ ಡ್ವಾರ್ಫ್‌ಗಳಿಗೆ, ಒಂಬತ್ತು ಉಂಗುರ ಮನುಷ್ಯರಿಗೆ ಅಂತಲೇ ಮಾಡಿದ್ದು ಅಂದುಕೊಳ್ಳೋದು. ಅಲ್ಲ. ಮಾಡಿಕೊಂಡದ್ದು ಎಲ್ಫರು. ಎರೆಗಿಯನ್ ಸೂರೆ ಹೊಡೆದ ಮೇಲೆ ಸೌರಾನ್ ಅವನ್ನು ಹಂಚಿದ. ಡ್ವಾರ್ಫ್‌ಗಳು ಮಣಿಯಲಿಲ್ಲ, ಚಿನ್ನದ ಆಸೆ ಮಾತ್ರ ಹೆಚ್ಚಿತು. ಮನುಷ್ಯರು ಮಣಿದರು, ಎರಡನೇ ಯುಗದ 2251ರ ಹೊತ್ತಿಗೆ ನಾಜ್ಗುಲ್‌ಗಳು ಕಾಣಿಸಿಕೊಂಡರು.

ಅನುಬಂಧ_ಬಿ

ಮೂರೂ ನಿಜಕ್ಕೂ ಆರಿದವು ಅನ್ನೋದನ್ನು ಪುಸ್ತಕದಲ್ಲಿ ಎರಡು ಕಡೆ ನೋಡಬಹುದು. ಅಲ್ಲಿಯವರೆಗೆ ಗುಟ್ಟಾಗಿದ್ದ ಉಂಗುರಗಳನ್ನು 3021ರ ಸೆಪ್ಟೆಂಬರ್‌ನಲ್ಲಿ ಸಮುದ್ರದಾಚೆ ಹೋಗಲು ಹಡಗಿನ ದಾರಿ ಹಿಡಿದವರು ರಾಜಾರೋಷವಾಗಿ ತೊಟ್ಟಿರುತ್ತಾರೆ. ಎಲ್ರಾಂಡ್ ಕೈಯಲ್ಲಿ ನೀಲಿ ಕಲ್ಲಿನ ವಿಲ್ಯಾ, ಗಲಾಡ್ರಿಯೆಲ್ ಕೈಯಲ್ಲಿ ಬಿಳಿ ಕಲ್ಲಿನ ನೆನ್ಯಾ, ಬಂದರಿನಲ್ಲಿ ಕಾಯುತ್ತಿದ್ದ ಗ್ಯಾಂಡಾಲ್ಫ್ ಕೈಯಲ್ಲಿ ಕೆಂಪು ಕಲ್ಲಿನ ನಾರ್ಯಾ. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಎರಡನೆಯದು ಅನುಬಂಧ ಎ-ಯಲ್ಲಿ, ಎಲ್ರಾಂಡ್ ಮಗಳು ಅರ್ವೆನ್ ಕತೆಯ ಕೊನೆ. ಮ್ಯಾಲೋರ್ನ್ ಎಲೆ ಚಳಿಗಾಲವೆಲ್ಲ ಹೊಂಬಣ್ಣವಾಗಿ ಮರದಲ್ಲೇ ಇರುತ್ತದೆ, ವಸಂತ ಬಂದು ಹೊಸ ಚಿಗುರು ಒಡೆದಾಗಲೇ ಉದುರೋದು ಅಂತ ಎಲ್ಫ್ ಲೆಗೋಲಾಸ್ ಮೊದಲೇ ಹೇಳಿರುತ್ತಾನೆ. ಶೈರ್ ಲೆಕ್ಕದ 1541ರಲ್ಲಿ, ಅಂದರೆ ಆ ಹಡಗು ಹೊರಟು 120 ವರ್ಷಕ್ಕೆ, ಗಂಡ ಅರಗಾರ್ನ್ ತೀರಿಕೊಂಡ ಮೇಲೆ ಅರ್ವೆನ್ ಒಬ್ಬಳೇ ಲೋತ್ಲೋರಿಯೆನ್‌ಗೆ ಹೋಗುತ್ತಾಳೆ. ಗಲಾಡ್ರಿಯೆಲ್ ಇಲ್ಲ, ಅವಳ ಗಂಡ ಕೆಲೆಬಾರ್ನ್ ಇಲ್ಲ, ಕಾಡು ಮೌನ. ಅರ್ವೆನ್ ಕೊನೆಗೆ ಬೆಟ್ಟದ ಮೇಲೆ ಮಲಗುವ ಹೊತ್ತಿಗೆ ಎಲೆ ಉದುರುತ್ತಿರುತ್ತವೆ, ವಸಂತ ಇನ್ನೂ ಬಂದಿರೋದಿಲ್ಲ.