ಪದಚರ್ಚೆ: ಆ್ಯಪ್ ತಯಾರಿಕೆಯಲ್ಲಿ ‘ಅಕ್ಷರ’ ಎಂದರೆ ಯಾವುದು?

ಮಾನ್ಯರೇ,

ಮೊಬೈಲಿಗೂ ಡೆಸ್ಕ್‌ಟಾಪಿಗೂ ಒಂದು ವಿಳಾಸಪುಸ್ತಕದ ಆ್ಯಪನ್ನು ನಾವು ಕೆಲವರು ಸೇರಿ ಸಿದ್ಧಪಡಿಸುತ್ತಿದ್ದೇವೆ. ಬಳಕೆದಾರರಿಗೆ ಕಾಣುವ ಸಂದೇಶಗಳನ್ನೂ ಕೋಡ್ ಬರೆಯುವವರಿಗೆ ಬೇಕಾದ ಕೈಪಿಡಿಯನ್ನೂ ಕನ್ನಡದಲ್ಲೇ ಬರೆಯುತ್ತಿರುವುದರಿಂದ, ‘ಕ್ಯಾರೆಕ್ಟರ್’ ಎಂದಿರುವ ಕಡೆಯಲ್ಲೆಲ್ಲ ‘ಅಕ್ಷರ’ ಎಂದು ಬರೆಯುತ್ತ ಹೋಗಬಹುದೇ ಎಂಬ ಪ್ರಶ್ನೆ ಎದ್ದಿದೆ. ಇದು ಬರಿಯ ಅನುವಾದದ ಪ್ರಶ್ನೆಯಾಗಿದ್ದರೆ ಇಷ್ಟು ದೀರ್ಘವಾಗಿ ಬರೆಯುತ್ತಿರಲಿಲ್ಲ. ಆ ಒಂದು ಪದವನ್ನು ಯಾರು ಹೇಗೆ ಅರ್ಥಮಾಡಿಕೊಂಡರು ಎಂಬುದರ ಮೇಲೆ ಆ್ಯಪ್ ಸರಿಯಾಗಿ ನಡೆಯುವುದೋ ಕೆಡುವುದೋ ನಿಂತಿದೆ.

ಉದಾಹರಣೆಗೆ, ಹೆಸರಿನ ಮೊದಲಕ್ಷರವನ್ನು ಬಣ್ಣದ ವೃತ್ತದೊಳಗೆ ತೋರಿಸುವ ಪದ್ಧತಿ ಇಂದು ಎಷ್ಟೋ ಆ್ಯಪ್‌ಗಳಲ್ಲೂ ಇದೆ. ಇಂಗ್ಲಿಷ್ ಹೆಸರಿಗೆ ಇದು ಒಂದೇ ಸಾಲಿನ ಕೆಲಸ. ಸ್ಟ್ರಿಂಗ್‌ನ (ಯಂತ್ರದೊಳಗೆ ಸಾಲಾಗಿ ಇಟ್ಟ ಬರಹದ) ಮೊದಲ ಸ್ಥಾನದಲ್ಲಿ ಇರುವುದನ್ನು ಎತ್ತಿಕೊಂಡರಾಯಿತು. ಅದೇ ಸಾಲನ್ನು ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ ಎಂಬ ಹೆಸರಿನ ಮೂರೂ ಪದಗಳ ಮೇಲೆ ಓಡಿಸಿದರೆ, ಕಾಗುಣಿತದ ಚಿಹ್ನೆಗಳು ಯಂತ್ರದೊಳಗೆ ಬೇರೆ ಬೇರೆ ಸಂಕೇತಗಳಾಗಿರುವುದರಿಂದ, ಸಿಗುವುದು ‘ತ.ನ.ಶ.’ ಆದರೆ ಕನ್ನಡಿಗರು ಆ ವಿದ್ವಾಂಸರನ್ನು ಕರೆದದ್ದು ತೀ.ನಂ.ಶ್ರೀ. ಎಂದು. ದೀರ್ಘವನ್ನಾಗಲಿ ಸೊನ್ನೆಯನ್ನಾಗಲಿ ಒತ್ತನ್ನಾಗಲಿ ಕಳಚಿ ಮೊದಲಕ್ಷರ ಹೇಳುವ ರೂಢಿ ನಮ್ಮಲ್ಲಿಲ್ಲ, ದ.ರಾ. ಬೇಂದ್ರೆಯವರ ‘ರಾ’, ಪು.ತಿ.ನ. ಅವರ ‘ಪು’ ಮತ್ತು ‘ತಿ’ ಇದನ್ನೇ ಹೇಳುತ್ತವೆ. ಅಂದರೆ ‘ಮೊದಲಕ್ಷರ’ ಎಂಬ ಮಾತಿಗೆ ಕನ್ನಡದಲ್ಲಿ ಖಚಿತವಾದ ಅರ್ಥವೊಂದು ಈಗಾಗಲೇ ಇದೆ, ಮತ್ತು ಆ ಅರ್ಥಕ್ಕೂ ಯಂತ್ರದೊಳಗಿನ ಮೊದಲ ಸ್ಥಾನಕ್ಕೂ ಸಂಬಂಧವಿಲ್ಲ.

ಇದಕ್ಕೆ ತಿಳಿದವರು ಸೂಚಿಸುವ ಪರಿಹಾರವೆಂದರೆ, ಬಿಡಿ ಸಂಕೇತವನ್ನು ಎತ್ತಿಕೊಳ್ಳದೆ, ಓದುಗನಿಗೆ ಒಂದೆಂದು ತೋರುವ ಸಂಕೇತಗಳ ಗುಂಪನ್ನು ಎತ್ತಿಕೊಳ್ಳುವುದು. ಇದನ್ನು, ಲಿಪಿಗಳ ಚಿಹ್ನೆಗಳಿಗೆ ಒಂದೊಂದು ಸಂಕೇತ ಗೊತ್ತುಮಾಡಿರುವ ಮಾನಕವಾದ ಯುನಿಕೋಡಿನ ಪರಿಭಾಷೆಯಲ್ಲಿ ಗ್ರಾಫೀಮ್ ಕ್ಲಸ್ಟರ್ ಎನ್ನುತ್ತಾರೆ. ಹಾಗೆ ಮಾಡಿದಾಗ ‘ತೀ’ ಮತ್ತು ‘ನಂ’ ಸರಿಯಾಗಿ ಬರುತ್ತವೆ, ಆದರೆ ಮೂರನೆಯದು ‘ಶ್’ ಆಗಿ ನಿಲ್ಲುತ್ತದೆ. ಹಲಂತದ ಚಿಹ್ನೆ (ವ್ಯಂಜನಕ್ಕೆ ಸ್ವರವಿಲ್ಲವೆಂದು ತೋರಿಸುವುದು) ಬಂದೊಡನೆ ಗುಂಪು ಮುಗಿಯಿತೆಂದು ನಿಯಮ ಭಾವಿಸುವುದೇ ಇದಕ್ಕೆ ಕಾರಣ. ಒತ್ತಕ್ಷರವನ್ನು ಒಡೆಯದೆ ಇಡುವ ನಿಯಮವೊಂದನ್ನು 2023ರಲ್ಲಿ ಬಂದ ಯುನಿಕೋಡ್ 15.1ನೇ ಆವೃತ್ತಿಯಲ್ಲಿ ಸೇರಿಸಲಾಯಿತಾದರೂ, ಅದು ಅನ್ವಯಿಸುವ ಲಿಪಿಗಳ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿದ್ದವು, ಕನ್ನಡ ಇರಲಿಲ್ಲ. ತೆಲುಗಿನಷ್ಟೇ ಒತ್ತಕ್ಷರಗಳಿರುವ ಲಿಪಿ ಪಟ್ಟಿಯಿಂದ ಹೊರಗುಳಿದದ್ದು ವಿಚಿತ್ರವೇ ಸರಿ. ಪರಿಣಾಮವಾಗಿ, ಶ್ರೀ, ಕ್ಷ, ಜ್ಞ ಮುಂತಾದವುಗಳಿಂದ ಆರಂಭವಾಗುವ ಹೆಸರುಗಳಿಗೆ ಹಲಂತದ ನಂತರದ ವ್ಯಂಜನವನ್ನೂ ಅದರ ಕಾಗುಣಿತವನ್ನೂ ಜೋಡಿಸಿಕೊಳ್ಳುವ ಕೋಡನ್ನು ನಾವೇ ಬರೆಯಬೇಕಾಗುತ್ತದೆ.

‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಶಾಲೆಯ ಮಗುವನ್ನು ಕೇಳಿದರೆ ಮೂರು ಎನ್ನುತ್ತದೆ. ಗ್ರಾಫೀಮ್ ಕ್ಲಸ್ಟರುಗಳನ್ನು ಎಣಿಸುವ ಸ್ವಿಫ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 4 (ಕ, ನ್, ನ, ಡ), ಬಿಡಿ ಸಂಕೇತಗಳನ್ನು ಎಣಿಸುವ ಪೈಥಾನ್‌ನಲ್ಲಿ 5, ಯುಟಿಎಫ್-8 (ಸಂಕೇತಗಳನ್ನು ಬೈಟುಗಳಾಗಿ ಇಡುವ ಕ್ರಮ) ಬೈಟುಗಳ ಲೆಕ್ಕದಲ್ಲಿ 15. ಜಾವಾ, ಕಾಟ್ಲಿನ್, ಡಾರ್ಟ್‌ಗಳೂ 5 ಎನ್ನುತ್ತವೆ, ಆದರೆ ಅವು ಎಣಿಸುವುದು 16 ಬಿಟ್ಟುಗಳ ಘಟಕಗಳನ್ನು. ಕನ್ನಡದ ಮಟ್ಟಿಗೆ ಎರಡೂ ಲೆಕ್ಕ ಒಂದೇ ಆಗುತ್ತದೆ. ‘ಸ್ತ್ರೀ’ ಎಂಬುದರಲ್ಲಂತೂ ಅಕ್ಷರ ಒಂದೇ, ಸಂಕೇತಗಳು ಆರು. ಈ ನಾಲ್ಕು ಬಗೆಯ ಲೆಕ್ಕಗಳನ್ನೂ ‘ಅಕ್ಷರಗಳ ಸಂಖ್ಯೆ’ ಎಂದೇ ಕರೆದರೆ, ಕೈಪಿಡಿಯನ್ನು ಓದಿ ಕೋಡ್ ಬರೆಯುವವರು ಎಲ್ಲಿ ಕತ್ತರಿಸಬೇಕೋ ಅಲ್ಲಿ ಕತ್ತರಿಸುವುದಿಲ್ಲ. ‘ಚಂದ್ರಶೇಖರಯ್ಯ’ ಎಂಬ ಹೆಸರನ್ನು 20 ಬೈಟುಗಳಿಗೆ ಮೊಟಕುಗೊಳಿಸಿದರೆ ಉಳಿಯುವುದು ‘ಚಂದ್ರಶ’, ಅದರ ಮುಂದೆ ಕಪ್ಪು ವಜ್ರದೊಳಗಿನ ಒಂದು ಪ್ರಶ್ನಾರ್ಥಕ ಚಿಹ್ನೆ. ಏಕೆಂದರೆ ‘ಶೇ’ಯ ಏತ್ವಕ್ಕೆ ಬೇಕಾದ 3 ಬೈಟುಗಳಲ್ಲಿ 2 ಮಾತ್ರ ಒಳಗೆ ಹಿಡಿಸಿರುತ್ತವೆ. ಎಸ್ಎಂಎಸ್‌ನ ಮಿತಿಯನ್ನು ಕುರಿತು ‘ಕನ್ನಡದಲ್ಲಾದರೆ ಒಂದು ಸಂದೇಶಕ್ಕೆ 70 ಅಕ್ಷರ’ ಎಂದು ಬರೆಯುವುದೂ ಇಂಥದೇ ಗೊಂದಲ, ಆ 70ರಲ್ಲಿ ಕಾಗುಣಿತದ ಚಿಹ್ನೆಗಳೂ ಹಲಂತಗಳೂ ಒಂದೊಂದಾಗಿ ಎಣಿಕೆಯಾಗುತ್ತವೆ.

ಬಳಕೆದಾರರಿಗೆ ಕಾಣುವ ಸಂದೇಶಗಳಲ್ಲಿ ತೊಡಕು ಬೇರೆ ಬಗೆಯದು. ಇಂಗ್ಲಿಷಿನಲ್ಲಿ ‘ಲೆಟರ್’ ಬೇರೆ, ‘ಕ್ಯಾರೆಕ್ಟರ್’ ಬೇರೆ. ನಮ್ಮಲ್ಲಿ ಎರಡಕ್ಕೂ ‘ಅಕ್ಷರ’ವೇ. ಹೀಗಾಗಿ ಪಾಸ್‌ವರ್ಡಿನ ನಿಯಮವನ್ನು ನೇರವಾಗಿ ಕನ್ನಡಕ್ಕೆ ತಂದರೆ, ‘ಕನಿಷ್ಠ 8 ಅಕ್ಷರಗಳಿರಬೇಕು, ಅವುಗಳಲ್ಲಿ ಒಂದಾದರೂ ಅಕ್ಷರ, ಒಂದಾದರೂ ಅಂಕಿ ಇರಬೇಕು’ ಎಂಬ ನಗೆಪಾಟಲಿನ ವಾಕ್ಯ ತಯಾರಾಗುತ್ತದೆ. ಅಂಕಿಯನ್ನೂ ಖಾಲಿ ಜಾಗವನ್ನೂ ಅಕ್ಷರವೆಂದು ಯಾವ ಕನ್ನಡಿಗನೂ ಭಾವಿಸುವುದಿಲ್ಲ. ಮೇಲಾಗಿ ‘ಕನ್ನಡ123’ ಎಂದು ಬರೆದವನ ಕಣ್ಣಿಗೆ ಅಲ್ಲಿರುವುದು ಆರು. ಯಂತ್ರಕ್ಕೆ ಎಂಟು, ಆದ್ದರಿಂದ ಅದು ಸ್ವೀಕರಿಸಿಬಿಡುತ್ತದೆ. ‘ಪಾಸ್‌ವರ್ಡ್’ ಎಂಬ ಪದದಲ್ಲೇ, ‘ಸ್’ ಮತ್ತು ‘ವ’ ಒತ್ತಾಗಿ ಕೂಡದಿರಲೆಂದು ನಾವು ಹಾಕುವ, ಕಣ್ಣಿಗೆ ಕಾಣದ ಒಂದು ಸಂಕೇತವಿದೆ ಎಂಬುದನ್ನೂ ಇಲ್ಲಿ ನೆನೆಯಬಹುದು. ಹುಡುಕುವವರು ಅದನ್ನು ಹಾಕದೆ ಬರೆದರೆ, ಆ್ಯಪ್ ಅದನ್ನು ಲೆಕ್ಕದಿಂದ ಬಿಡದಿದ್ದಲ್ಲಿ, ಪದ ಸಿಗುವುದೇ ಇಲ್ಲ.

ಹಾಗಾದರೆ ಕನ್ನಡದ ‘ಅಕ್ಷರ’ಕ್ಕೆ ಒಂದೇ ಲೆಕ್ಕವಿದೆಯೇ ಎಂದರೆ, ಬಹುಮಟ್ಟಿಗೆ ಇದೆ, ಪೂರ್ತಿಯಾಗಿ ಇಲ್ಲ. ಉತ್ಪಲಮಾಲೆಯ ಪಾದಕ್ಕೆ 20 ಅಕ್ಷರ, ಚಂಪಕಮಾಲೆಯ ಪಾದಕ್ಕೆ 21 ಎನ್ನುವಾಗ ‘ಸ್ತ್ರೀ’ ಒಂದಕ್ಷರ. ಪತ್ರಿಕೆಯ ಪದಬಂಧದಲ್ಲೂ ಅದಕ್ಕೆ ಒಂದೇ ಚೌಕ. ಇವೆರಡೂ ಬೇರೆಯಾಗುವುದು ಪದದ ಕೊನೆಯ ಅರೆವ್ಯಂಜನದಲ್ಲಿ. ‘ಗೂಗಲ್’ ಎಂಬುದಕ್ಕೆ ಪದಬಂಧ ಮೂರು ಚೌಕ ಕೊಡುತ್ತದೆ. ಛಂದಸ್ಸಾದರೋ ‘ಲ್’ ಅನ್ನು ಹಿಂದಿನ ‘ಗ’ಕ್ಕೆ ಸೇರಿಸಿ, ಅದನ್ನು ಗುರುವಾಗಿಸಿ, ಎರಡೇ ಅಕ್ಷರ ಎನ್ನುತ್ತದೆ. ಆ್ಯಪ್‌ನ ಕೆಲಸಕ್ಕೆ ಪದಬಂಧದ ಲೆಕ್ಕವೇ ಸರಿ ಎಂದು ನನ್ನ ಅಭಿಪ್ರಾಯ, ಏಕೆಂದರೆ ಪರದೆಯ ಮೇಲೆ ಜಾಗ ಹಿಡಿಯುವುದು ಬರಹವೇ ಹೊರತು ಉಚ್ಚಾರವಲ್ಲ.

ಆದ್ದರಿಂದ ‘ಅಕ್ಷರ’ವನ್ನು ಓದುಗನ ಎಣಿಕೆಗೆ ಬಿಟ್ಟುಕೊಟ್ಟು, ಯಂತ್ರದ ಎಣಿಕೆಗೆ ಬೇರೆ ಪದಗಳನ್ನು ಇಟ್ಟುಕೊಳ್ಳಬೇಕೆಂದು ನನಗೆ ತೋರುತ್ತದೆ. ಯುನಿಕೋಡಿನ ಬಿಡಿ ಸಂಕೇತವಾದ ಕೋಡ್ ಪಾಯಿಂಟ್‌ಗೆ ‘ಸಂಕೇತಬಿಂದು’ ಎಂದು ಹೇಳಬಹುದಾದರೂ, ‘ಬಿಂದು’ ಎಂಬುದು ಅನುಸ್ವಾರದ ಹಳೆಯ ಹೆಸರೂ ಆಗಿರುವುದರಿಂದ ಲಿಪಿಯ ಚರ್ಚೆಯಲ್ಲಿ ಅದು ತೊಡರುತ್ತದೆ. ‘ವರ್ಣ’ ಎನ್ನೋಣವೆಂದರೆ, ವ್ಯಾಕರಣದ ಪ್ರಕಾರ ‘ಕ’ ಎಂಬಲ್ಲಿ ಕ್ ಮತ್ತು ಅ ಎಂಬ ಎರಡು ವರ್ಣಗಳಿವೆ, ಯುನಿಕೋಡ್‌ನಲ್ಲಿ ಅದಕ್ಕೆ ಸಂಕೇತ ಒಂದೇ. ಸಾಲದ್ದಕ್ಕೆ ಆ್ಯಪ್‌ನ ಬಣ್ಣದ ಆಯ್ಕೆಗಳಲ್ಲೂ ಆ ಪದ ಬರುತ್ತದೆ. ನಮ್ಮ ಜೊತೆಗಾರರೊಬ್ಬರು ಹಳೆಯ ಮುದ್ರಣಾಲಯಗಳ ‘ಮೊಳೆ’ಯನ್ನು (ಅಚ್ಚಿಗೆ ಜೋಡಿಸುವ ಲೋಹದ ತುಂಡನ್ನು) ಸೂಚಿಸಿದರು. ಮೊಳೆ ಜೋಡಿಸುವವರು ಒಂದು ಅಕ್ಷರವನ್ನು ಹಲವು ಮೊಳೆಗಳಿಂದ ಕಟ್ಟುತ್ತಿದ್ದುದರಿಂದ ಸೂಚನೆ ಆಕರ್ಷಕವಾಗಿಯೇ ಇದೆ. ಆದರೆ ಮೊಳೆಗೆ ಆಕಾರವಿರುತ್ತದೆ; ‘ಶ್ರೀ’ಯೊಳಗಿನ ಹಲಂತಕ್ಕೂ ಮೇಲೆ ಹೇಳಿದ ಕಾಣದ ಸಂಕೇತಕ್ಕೂ ಆಕಾರವೇ ಇಲ್ಲ. ಸದ್ಯಕ್ಕೆ ‘ಲಿಪಿಸಂಕೇತ’ ಎಂದು ಬರೆಯುತ್ತಿದ್ದೇನೆ. ಗ್ರಾಫೀಮ್ ಕ್ಲಸ್ಟರ್‌ಗೆ ‘ಅಕ್ಷರಗುಚ್ಛ’ ಎಂಬ ಸಲಹೆಯೂ ಬಂದಿದೆ. ಆದರೆ ಅದನ್ನು ಕೇಳಿದವರಿಗೆ ಹಲವು ಅಕ್ಷರಗಳ ಗೊಂಚಲು ಎಂದೆನಿಸುತ್ತದೆ, ಕನ್ನಡದಲ್ಲಿ ಅದು ಎಷ್ಟೋ ಸಲ ಒಂದು ಅಕ್ಷರಕ್ಕಿಂತಲೂ ಚಿಕ್ಕದು. ‘ಸಂಕೇತಗುಚ್ಛ’ವಾದರೆ ಈ ಆಕ್ಷೇಪ ಇರುವುದಿಲ್ಲ.

ಪಾಸ್‌ವರ್ಡಿನ ಸಂದೇಶಕ್ಕೆ ಹೊಸ ಪದವೇನೂ ಬೇಡವೆಂದು ‘ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿ ಕನಿಷ್ಠ 8 ಇರಲಿ’ ಎಂದು ಬರೆದಿದ್ದೇನೆ. ಕೀಲಿಮಣೆಯ ಅಳಿಸುವ ಕೀಲಿಯನ್ನು ಪರದೆ ಓದುವ ತಂತ್ರಾಂಶ ಏನೆಂದು ಓದಿ ಹೇಳಬೇಕು ಎಂಬುದು ಮಾತ್ರ ಬಗೆಹರಿದಿಲ್ಲ. ‘ಶ್ರೀ’ಯ ಮುಂದೆ ಆ ಕೀಲಿಯನ್ನು ಒಮ್ಮೆ ಒತ್ತಿದರೆ ಹೆಚ್ಚಿನ ಕೀಲಿಮಣೆಗಳಲ್ಲಿ ದೀರ್ಘ ಮಾತ್ರ ಹೋಗಿ ‘ಶ್ರ’ ಉಳಿಯುತ್ತದೆ, ತಪ್ಪು ತಿದ್ದುವವರಿಗೆ ಇದು ಅನುಕೂಲವೇ ಆದ್ದರಿಂದ ಬದಲಾಯಿಸುವ ಇಚ್ಛೆಯಿಲ್ಲ. ಆದರೆ ಅದನ್ನು ‘ಹಿಂದಿನ ಅಕ್ಷರ ಅಳಿಸು’ ಎಂದರೆ, ಕಣ್ಣು ಕಾಣದ ಬಳಕೆದಾರರು ಇಡೀ ಅಕ್ಷರ ಹೋಯಿತೆಂದೇ ನಂಬುತ್ತಾರೆ.

ಬಲ್ಲವರಿಂದ ನಾನು ಕೇಳುವುದು ಇಷ್ಟು. ಲಿಪಿಸಂಕೇತ, ಸಂಕೇತಗುಚ್ಛ ಎಂಬ ಪದಗಳು ಬೇರೆ ಅರ್ಥದಲ್ಲಿ ಈಗಾಗಲೇ ಎಲ್ಲಿಯಾದರೂ ಬಳಕೆಯಲ್ಲಿವೆಯೇ? ಪದದ ಕೊನೆಯ ಅರೆವ್ಯಂಜನವನ್ನು ಒಂದು ಅಕ್ಷರವೆಂದು ಎಣಿಸುವುದಕ್ಕೆ ವ್ಯಾಕರಣದ ದೃಷ್ಟಿಯಿಂದ ಆಕ್ಷೇಪವಿದೆಯೇ? ಅಳಿಸುವ ಕೀಲಿಗೆ ಬರಿಯ ‘ಅಳಿಸು’ ಎಂದು ಇಟ್ಟು, ಅಳಿಸಿದ ಮೇಲೆ ಉಳಿದದ್ದನ್ನು ಓದಿ ಹೇಳಿಸಿದರೆ ಸಾಕೇ, ಅಥವಾ ದೀರ್ಘ, ಒತ್ತು, ಕೊಂಬುಗಳಲ್ಲಿ ಹೋದದ್ದು ಯಾವುದೋ ಅದರ ಹೆಸರನ್ನೇ ಹೇಳಿಸುವುದು ಮೇಲೇ?