ಕೆಂಪು ಹಿಡಿಕೆ ಎಳೆಯೋಕೆ ಹಿಂದೆಮುಂದೆ ನೋಡ್ಬೇಡ ಅಂತ ಹೇಳು ಅವನಿಗೆ

ನಿನ್ ಮೆಸೇಜ್ ಈಗ್ತಾನೆ ನೋಡಿದೆ ಕಣೇ, ಪುಟ್ಟ ಶನಿವಾರ ಫ್ರೆಂಡ್ಸ್ ಜೊತೆ ಹೆಪ್ಪುಗಟ್ಟಿದ ಸರೋವರದ ಮೇಲೆ ಕೈಟ್, ಅಂದ್ರೆ ಮನುಷ್ಯನನ್ನೇ ಎಳೆಯೋ ದೊಡ್ಡ ಬಟ್ಟೆ ಗಾಳಿಪಟ, ಕಟ್ಕೊಂಡು ಸ್ಕೀ ಮಾಡೋಕೆ ಹೋಗ್ತಾನಂತೆ, ಐಸ್ ಎಷ್ಟು ದಪ್ಪ ಇದ್ರೆ ಸಾಕು ಅತ್ತೆ, ಕಳಿಸ್ಲಾ ಬೇಡ್ವಾ ಅಂತ ಕೇಳಿದೀಯ. ಟೈಪ್ ಮಾಡ್ತಾ ಕೂತ್ರೆ ರಾತ್ರಿ ಆಗೋಗತ್ತೆ, ಅದಕ್ಕೆ ಮಾತಾಡ್ತಾ ಇದೀನಿ, ಫೋನೇ ಅಕ್ಷರ ಮಾಡ್ಕೊಳತ್ತೆ, ಎಲ್ಲಾದ್ರೂ ತಪ್ಪಾಗಿದ್ರೆ ನೀನೇ ಹೊಂದಿಸ್ಕೊಂಡು ಓದ್ಕೋ.

ನಿಮ್ಮ ಮಾವನ ಬಲಗೈ ವಿಷಯ ನಮ್ಮ ಫ್ಯಾಮಿಲಿ ಗುಂಪಲ್ಲಿ ಎಲ್ರಿಗೂ ಗೊತ್ತು. ಆದ್ರೆ ಅವತ್ತು ಏನಾಯ್ತು ಅಂತ ಮೊದಲಿಂದ ಕೊನೆವರೆಗೆ ನಾನು ಯಾರಿಗೂ ಹೇಳೇ ಇಲ್ಲ, ಹೇಳೋಕೆ ಬಾಯಿ ಬರ್ತಿರ್ಲಿಲ್ಲ. ಇವತ್ತು ಹೇಳ್ತೀನಿ, ಪುಟ್ಟನಿಗೆ ಪೂರ್ತಿ ಓದಿಸು.

ಅವರು ರಿಟೈರ್ ಆದ ಮೊದಲನೇ ಚಳಿಗಾಲ. ಅದಕ್ಕೆ ಮುಂಚೆ ಎರಡು ವರ್ಷ ಚಿಕ್ಕ ಕೈಟ್‌ನಲ್ಲಿ ಆಡ್ತಾ ಇದ್ರು, 6 ಚದರ ಮೀಟರ್‌ದು, ಏನೂ ತೊಂದ್ರೆ ಆಗಿರ್ಲಿಲ್ಲ. ಆ ವರ್ಷ 10 ಚದರ ಮೀಟರ್‌ದು ಹೊಸದು ತಗೊಂಡ್ರು. ಬೆಳಿಗ್ಗೆ ಗಾಳಿ ಸಣ್ಣಗಿತ್ತು, ಸುಮಾರು 10 ನಾಟ್, ಅಂದ್ರೆ ಗಂಟೆಗೆ 18 ಕಿಲೋಮೀಟರ್ ಹತ್ರ, ಬಿಸಿಲು ಬೇರೆ, ಮಂಜಿನ ಮೇಲೆ ಕಣ್ಣು ಬಿಡೋಕಾಗ್ತಿರ್ಲಿಲ್ಲ ಅಷ್ಟು ಬೆಳಕು. ಎಷ್ಟು ಚೆನ್ನಾಗಿ ಹೋಗ್ತಿದ್ರು ಅಂದ್ರೆ ನಾನೇ ದಡದಲ್ಲಿ ನಿಂತು ಚಪ್ಪಾಳೆ ಹೊಡೆದೆ. ಆ ಸಂತೋಷ ಸುಳ್ಳಲ್ಲ ಕಣೇ, ಅದನ್ನ ನಾನು ಅಲ್ಲಗಳೆಯಲ್ಲ, ಎಂಜಿನ್ ಇಲ್ಲ ಶಬ್ದ ಇಲ್ಲ, ಬರೀ ಸ್ಕೀ ಕೆಳಗೆ ಸರ್ ಅನ್ನೋ ಸದ್ದು, ಅಷ್ಟು ದೊಡ್ಡ ಬಯಲಲ್ಲಿ ಮನುಷ್ಯ ಗಾಳಿ ಹಿಡ್ಕೊಂಡು ಹೋಗ್ತಾ ಇರ್ತಾನೆ.

ಮಧ್ಯಾಹ್ನದ ಹೊತ್ತಿಗೆ ಆ ಕಡೆ ದಡ ಕಾಣಿಸ್ದೇ ಹೋಯ್ತು. ಮೋಡ ಅಂದ್ಕೊಂಡೆ. ಮೋಡ ಅಲ್ಲ ಅದು, ಮಂಜು ಹೊತ್ಕೊಂಡು ಬರ್ತಿದ್ದ ಗಾಳಿ, ಗೋಡೆ ಥರ ಬರ್ತಿತ್ತು. ಕೂಗಿದೆ, ಕೇಳಿಸ್ಲಿಲ್ಲ. ಗಾಳಿ ಡಬಲ್ ಆಯ್ತು ಅಂದ್ರೆ ಎಳೆಯೋ ಜೋರು ಡಬಲ್ ಆಗಲ್ಲ ಕಣೇ, ನಾಲ್ಕರಷ್ಟಾಗತ್ತೆ. 10 ನಾಟ್ ಇದ್ದಿದ್ದು 20 ಆದ್ರೆ ನಾಲ್ಕು ಜನ ಹಿಡ್ಕೊಂಡು ಎಳೆದ ಹಾಗೆ. ಅದೂ ಚಳಿಗಾಲದ ಗಾಳಿ ತೂಕ ಜಾಸ್ತಿ, ಮೈನಸ್ 20ರ ಗಾಳಿ 25 ಡಿಗ್ರಿ ಗಾಳಿಗಿಂತ ನೂರಕ್ಕೆ ಸುಮಾರು 18ರಷ್ಟು ಭಾರ. ಬೇಸಿಗೇಲಿ ನೀರಿನ ಮೇಲೆ ಆಡಿದೀನಿ ನನಗೆ ಗೊತ್ತು ಅಂತ ಹುಡುಗರು ಅದೇ ಸೈಜ್ ಕೈಟ್ ತಗೊಂಡು ಐಸ್ ಮೇಲೆ ಬರ್ತಾರಲ್ಲ, ಅಲ್ಲೇ ಮೋಸ ಹೋಗೋದು. ನೀರಾದ್ರೆ ಕಾಲಿಗೆ ತಡೆ ಕೊಡತ್ತೆ, ಐಸ್ ಏನೂ ತಡೆಯಲ್ಲ, ಬಿದ್ರೂ ಮೆತ್ತಗಿರಲ್ಲ.

ಅವರನ್ನ ಎಳ್ಕೊಂಡು ಹೊರಟಿತು. ಮೊದಲು ನಿಂತ್ಕೊಂಡೇ ಹೋಗ್ತಿದ್ರು, ಆಮೇಲೆ ಬಿದ್ರು, ಹೊಟ್ಟೆ ಮೇಲೆ ಮಲಗಿದ ಹಾಗೇ ಎಳ್ಕೊಂಡು ಹೋಗ್ತಾ ಇದೆ. ಎದೆ ಹತ್ರ ಹಾರ್ನೆಸ್, ಅದೇ ಕೈಟ್‌ಗೆ ಸಿಕ್ಕಿಸೋಕೆ ಮೈಗೆ ಕಟ್ಕೊಳೋ ಪಟ್ಟಿ, ಅದರ ಮುಂದೆ ಒಂದು ಕೆಂಪು ಹಿಡಿಕೆ ಇರತ್ತೆ, ಕ್ವಿಕ್ ರಿಲೀಸ್ ಅಂತಾರೆ. ಅದನ್ನ ಮುಂದಕ್ಕೆ ದಬ್ಬೋದೋ ಎಳೆಯೋದೋ ಕಂಪನಿ ಮೇಲೆ ಹೋಗತ್ತೆ, ಮಾಡಿದ್ರೆ ಕೈಟ್ ಎಳೆಯೋದು ನಿಲ್ಲತ್ತೆ. ಒಂದು ಸೆಕೆಂಡಿನ ಕೆಲಸ. ಇವರು ಮಾಡ್ಲಿಲ್ಲ. ಯಾಕೆ ಅಂತ ಆಸ್ಪತ್ರೇಲಿ ಕೇಳಿದೆ. ಹೊಸ ಕೈಟು, ಬಿಟ್ರೆ ಹಾರಿ ಹೋಗಿ ಮರಕ್ಕೆ ಸಿಕ್ಕಿ ಹರಿದೋಗತ್ತೆ ಅಂದ್ಕೊಂಡೆ ಅಂದ್ರು. ಇನ್ನೊಂದು ಸ್ವಲ್ಪ ಹಿಡ್ಕೊಂಡ್ರೆ ಗಾಳಿ ಇಳಿಯತ್ತೆ ಅಂದ್ಕೊಂಡೆ ಅಂದ್ರು. ಅಷ್ಟೇ ಅಲ್ಲ, ಭಯ ಆದಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನ ಎದೆಗೆ ಎಳ್ಕೊತಾನೆ, ಕೈಟ್ ಬಾರ್, ಕೈಟ್ ತಿರುಗಿಸೋಕೆ ಕೈಯಲ್ಲಿ ಹಿಡಿಯೋ ಕೋಲು, ಅದನ್ನ ಹಾಗೆ ಎಳ್ಕೊಂಡ್ರೆ ಅದು ಇನ್ನಷ್ಟು ಗಾಳಿ ಹಿಡಿಯತ್ತೆ. ಬಾರ್ ಬಿಡ್ಬೇಕು, ದೂರ ಹೋಗೋಕೆ ಬಿಡ್ಬೇಕು. ಅವರು ಎಷ್ಟು ಭಯ ಪಟ್ರೋ ಅಷ್ಟು ಗಟ್ಟಿ ಹಿಡ್ಕೊಂಡ್ರು, ಎಷ್ಟು ಗಟ್ಟಿ ಹಿಡ್ಕೊಂಡ್ರೋ ಅಷ್ಟು ಜೋರಾಗಿ ಎಳೀತು.

ಕೊನೆಗೆ ಬುದ್ಧಿ ಬಂದು ಕೈ ಹಿಡಿಕೆಗೆ ಹೋಗಿದೆ, ಅಷ್ಟೊತ್ತಿಗೆ ದಪ್ಪ ಗ್ಲೌಸ್ ಒಳಗೆ ಬೆರಳು ಮರಗಟ್ಟಿತ್ತು, ಹಿಡಿಕೆ ಸುತ್ತ ಮಂಜು ಮೆತ್ಕೊಂಡು ಗಟ್ಟಿಯಾಗಿತ್ತು, ಸಿಗ್ಲಿಲ್ಲ. ದಡದ ಬಂಡೆಗೆ ಭುಜ ಬಡೀತು. ಕೈಟ್ ಮರಕ್ಕೆ ಸಿಕ್ಕಿ ನಿಲ್ತು. ಯಾವುದನ್ನ ಉಳಿಸೋಕೆ ಹಿಡ್ಕೊಂಡಿದ್ರೋ ಅದೇ ಹರಿದು ಮೂರು ಚೂರಾಗಿತ್ತು. ನಾನು ಓಡೋಕೆ ಹೋಗಿ ಐಸ್ ಮೇಲೆ ಎರಡು ಸಲ ಬಿದ್ದೆ, ಶೂಗೆ ಮುಳ್ಳು ಹಾಕ್ಕೊಂಡಿರ್ಲಿಲ್ಲ. ಹತ್ರ ಹೋಗಿ ನೋಡಿದ್ರೆ ಮುಖ ಬಿಳಿಚ್ಕೊಂಡು ಕೈ ಬೇರೆ ಯಾರದೋ ಕೈ ಥರ ಬಿದ್ದಿದೆ. ಇವತ್ತಿಗೂ ಆ ಕೈ ಭುಜದಿಂದ ಮೇಲೆ ಏಳಲ್ಲ, ಶರ್ಟಿನ ತೋಳು ಹಾಕ್ಕೊಳೋಕೆ ನಾನು ಬೇಕು.

ಅದಕ್ಕೇ ಹೇಳ್ತಿದೀನಿ, ಪುಟ್ಟನಿಗೆ ಇದೊಂದು ಮಾತು ಹೇಳು, ಅನುಮಾನ ಬಂತು ಅಂದ್ರೆ ಕೆಂಪು ಹಿಡಿಕೆ ಎಳೆದುಬಿಡು, ಯೋಚನೆ ಮಾಡ್ಬೇಡ. ಗಾಳಿ ಇಳಿಯತ್ತೇನೋ ನೋಡೋಣ ಅಂತ ಕಾಯೋದು ಬೇಡ, ಕೈಟ್ ಏನಾಗತ್ತೆ ಅಂತ ನೋಡೋದು ಬೇಡ.

ಇದರಲ್ಲಿ ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಏನು ಗೊತ್ತಾ, ಹಿಡಿಕೆ ಎಳೆದಿದ್ರೂ ಆ ಕೈಟ್ ಎಲ್ಲೂ ಹೋಗ್ತಾನೇ ಇರ್ಲಿಲ್ಲ. ಸೇಫ್ಟಿ ಲೀಶ್ ಅಂತ ಒಂದು ದಾರ ಇರತ್ತೆ, ರಿಲೀಸ್ ಮಾಡಿದ್ಮೇಲೂ ಕೈಟ್ ಆ ಒಂದೇ ದಾರದಲ್ಲಿ ಬಟ್ಟೆ ಥರ ಪಟಪಟ ಅಂತ ಬಿದ್ದಿರತ್ತೆ, ಎಳೆಯೋ ಶಕ್ತಿ ಇರಲ್ಲ. ಆಗ್ಲೂ ಎಳೀತಾ ಇದ್ರೆ ಲೀಶಿಗೇ ಇನ್ನೊಂದು ರಿಲೀಸ್ ಇರತ್ತೆ, ಅದನ್ನೂ ಬಿಟ್ರೆ ಪೂರ್ತಿ ಬಿಟ್ಟುಹೋಗತ್ತೆ. ಇದನ್ನ ಕಲಿಸಿದವನು ಬಾಯಲ್ಲಿ ಹೇಳಿದ್ದ, ಮಾಡಿಸಿರ್ಲಿಲ್ಲ. ಮೂರು ದಿನದ ಕ್ಲಾಸ್ ಅಂತ ದುಡ್ಡು ತಗೊಂಡು ಒಂದೂವರೆ ದಿನಕ್ಕೆ ಮುಗಿಸಿದ, ಗಾಳಿ ಇಲ್ಲ ಅಂತ ಉಳಿದ ದಿನ ಕ್ಯಾನ್ಸಲ್. ಗಾಳಿ ಇಲ್ದಿದ್ರೇನಾಯ್ತು, ನಿಂತ ಜಾಗದಲ್ಲೇ ಹಾರ್ನೆಸ್ ಹಾಕ್ಸಿ ಹತ್ತು ಸಲ ರಿಲೀಸ್ ಮಾಡ್ಸೋಕೆ ಗಾಳಿ ಯಾಕೆ ಬೇಕು? ಕೇಳಿದ್ದಕ್ಕೆ ಆಗಾಗ ಬಿಚ್ಚಿದ್ರೆ ಮತ್ತೆ ಜೋಡಿಸ್ಬೇಕು, ಟೈಮ್ ಹೋಗತ್ತೆ ಅಂದ. ಅವನ ಟೈಮ್ ಉಳೀತು, ಇವರ ಕೈ ಹೋಯ್ತು.

ಇನ್ನೊಂದೂ ಹೇಳ್ಬಿಡ್ತೀನಿ ಬಾಯಿಗೆ ಬಂದಿದ್ದಕ್ಕೆ. ಅವತ್ತು ನಮ್ಮ ಜೊತೆ ನಮ್ಮವರೇ ಒಬ್ರು ಬಂದಿದ್ರು, ಹೆಸರು ಹೇಳಲ್ಲ, ಈ ಗುಂಪಲ್ಲೇ ಇದಾರೆ. ಇವರನ್ನ ಎಳ್ಕೊಂಡು ಹೋಗ್ತಾ ಇರೋವಾಗ ಅವರು ಫೋನ್ ಹಿಡ್ಕೊಂಡು ವಿಡಿಯೋ ತೆಗೀತಾ ನಿಂತಿದ್ರು. ಸರಿ, ಏನಾಗ್ತಿದೆ ಅಂತ ಗೊತ್ತಾಗ್ಲಿಲ್ಲ ಅಂತ್ಲೇ ಇಟ್ಕೊಳೋಣ. ಆದ್ರೆ ಅದೇ ವಿಡಿಯೋ ಎರಡು ದಿನ ಆದ್ಮೇಲೆ ಇಲ್ಲೇ ಗುಂಪಲ್ಲಿ ಬಂತು, ನಗೋ ಸ್ಟಿಕರ್ ಹಾಕಿ, ಎಪ್ಪತ್ತು ಜನ ನೋಡಿದ್ರು, ಎಷ್ಟೋ ಜನ ನಕ್ರು. ಈ ವಯಸ್ಸಲ್ಲಿ ಬೇಕಿತ್ತಾ ಅಂತ ಕೇಳಿದವರಿದ್ರು. ಕೈ ಹೇಗಿದೆ ಅಂತ ಕೇಳಿದವರು ನಿಮ್ಮಪ್ಪ ಮತ್ತೆ ದೊಡ್ಡಕ್ಕ, ಇಬ್ಬರೇ. ಇವರು ಆಪರೇಷನ್ ಆಗಿ ಮಲಗಿದ್ರು, ಎಡಗೈಯಲ್ಲಿ ಫೋನ್ ಹಿಡ್ಕೊಂಡು ಅದನ್ನ ನೋಡ್ತಾ ಇದ್ರು, ನನಗೆ ತೋರಿಸ್ಲೂ ಇಲ್ಲ, ಫೋನ್ ಮಗುಚಿ ಇಟ್ರು. ನಾನು ಆಮೇಲೆ ನೋಡ್ದೆ. ಅದನ್ನ ಡಿಲೀಟ್ ಮಾಡಿ ಅಂತ ಕೇಳೋಕೆ ನನಗೆ ಮನಸ್ಸಾಗ್ಲಿಲ್ಲ, ಅವರಿಗೇ ಅನ್ನಿಸ್ಬೇಕಿತ್ತು. ಹೋಗ್ಲಿ.

ಪುಟ್ಟ ಏನಂತಾನೆ ಅಂತ ನನಗೆ ಗೊತ್ತು, ಕೈಟ್ ಹಿಡ್ಕೊಂಡು ಆಂಟಾರ್ಟಿಕಾನೇ ದಾಟಿದಾರೆ ಅಜ್ಜಿ ಅಂತಾನೆ. ಹೌದಪ್ಪ ದಾಟಿದಾರೆ, ನಾರ್ವೆಯ ಬೋರ್ಗೆ ಔಸ್ಲ್ಯಾಂಡ್, 1996-97ರಲ್ಲಿ, ಒಬ್ಬರೇ, 64 ದಿನ. ಆದ್ರೆ ಅದಕ್ಕೆ ಹಿಂದಿನ ವರ್ಷ ಹೊರಟಾಗ ಮೈಗೆ ಗಾಯ ಆಗಿ ಅರ್ಧಕ್ಕೇ ಬಿಟ್ಟು ವಾಪಸ್ ಬಂದಿದ್ರು ಅನ್ನೋದನ್ನೂ ಅವನು ಓದ್ಲಿ. ಬಿಟ್ಟು ಬಂದಿದ್ದಕ್ಕೇ ಮತ್ತೆ ಹೋಗೋಕಾಯ್ತು. ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ ಬೇಜಾರ್ ಮಾಡ್ಕೋಬೇಡ, ಕೆಂಪು ಹಿಡಿಕೆ ಎಳೆಯೋಕೆ ಹಿಂದೆಮುಂದೆ ನೋಡ್ಬೇಡ ಅಂತ ಹೇಳು ಅವನಿಗೆ. ಹಾರೋ ಮುಂಚೆ ಒಂದ್ಸಲ, ಮಧ್ಯೆ ನಿಲ್ಲಿಸ್ದಾಗ ಒಂದ್ಸಲ ಅದರ ಸುತ್ತ ಮಂಜು ಮೆತ್ಕೊಂಡಿದೆಯಾ ನೋಡ್ಕೊಂಡು ಉಜ್ಜಿ ತೆಗೀಲಿ.

ಅಯ್ಯೋ, ನೀನು ಕೇಳಿದ್ದು ಐಸ್ ದಪ್ಪ ಅಲ್ವಾ, ನಾನು ಎಲ್ಲೆಲ್ಲಿಗೋ ಹೋದೆ.

ಹೊಸ ಐಸ್, ಗಾಜಿನ ಥರ ಪಾರದರ್ಶಕವಾಗಿ ಇರತ್ತಲ್ಲ, ಅದು 10 ಸೆಂಟಿಮೀಟರ್ ಇದ್ರೆ ಒಬ್ಬ ಮನುಷ್ಯ ನಡೀಬಹುದು ಅಂತಾರೆ. ಬಿಳೀ ಐಸ್ ಆದ್ರೆ ಅದರ ಅರ್ಧ ಶಕ್ತಿ ಅಂತ ಲೆಕ್ಕ, ಅದಕ್ಕೆ 20 ಬೇಕು. ಆದ್ರೆ ಕೈಟ್‌ನವರು ನಡೆಯಲ್ಲ, ಎತ್ತರಕ್ಕೆ ಹಾರಿ ಧಡ್ ಅಂತ ಬೀಳ್ತಾರೆ, ಐದು ನಿಮಿಷದಲ್ಲಿ ಎರಡು ಕಿಲೋಮೀಟರ್ ದೂರ ಹೋಗಿರ್ತಾರೆ, ಅದಕ್ಕೆ ದಡದಲ್ಲಿ ಒಂದು ತೂತು ಕೊರೆದು ನೋಡಿ ಸರಿ ಇದೆ ಅಂದ್ರೆ ಸಾಲದು. ಹಳ್ಳ ಬಂದು ಸೇರೋ ಜಾಗ, ಸೇತುವೆ ಕೆಳಗೆ, ಎರಡು ದಡ ಹತ್ರ ಬರೋ ಇಕ್ಕಟ್ಟು, ತಳದಲ್ಲಿ ಊಟೆ ಇರೋ ಕಡೆ, ಐಸ್ ಒಂದರ ಮೇಲೊಂದು ಏರಿ ದಿಣ್ಣೆ ಆಗಿರೋ ಕಡೆ ಇಲ್ಲೆಲ್ಲ ತೆಳ್ಳಗಿರತ್ತೆ. ಮಂಜು ದಪ್ಪಗೆ ಕೂತಿದ್ರೆ ಕಂಬಳಿ ಹೊದ್ದ ಹಾಗೆ, ಕೆಳಗೆ ಐಸ್ ಬೆಳೆಯಲ್ಲ. ಚಳಿಗಾಲದ ಕೊನೇಲಿ ಅಂತೂ ದಪ್ಪ ಇದ್ರೂ ಒಳಗೊಳಗೇ ಕಡ್ಡಿ ಕಡ್ಡಿಯಾಗಿ ಬಿಟ್ಟಿರತ್ತೆ, ಅದನ್ನ ನಂಬಲೇಬಾರದು. ಹೋಗೋ ಸುತ್ತು ಪೂರ್ತಿ ಒಬ್ರು ಬೈರಿಗೆಯಲ್ಲಿ ಕೊರೆದು ಅಳತೆ ನೋಡಿರ್ಬೇಕು, ಯಾರು ನೋಡಿದ್ರು, ಯಾವತ್ತು ನೋಡಿದ್ರು ಅಂತ ಕೇಳು ಅವನಿಗೆ. ನಾವು ಯಾರೂ ನೋಡಿಲ್ಲ ಅಂದ್ರೆ ಕಳಿಸ್ಬೇಡ, ಮುಗೀತು.

ಕೊರಳಿಗೆ ಐಸ್ ಪಿಕ್ಸ್ ನೇತು ಹಾಕ್ಕೊಳ್ಲಿ, ಎರಡು ಹಿಡಿಕೆ ತುದೀಲಿ ಮೊಳೆ ಇರತ್ತೆ, ಒಳಗೆ ಬಿದ್ರೆ ಅಂಚಿಗೆ ಚುಚ್ಚಿ ಮೇಲಕ್ಕೆ ಬರೋಕೆ. ಬ್ಯಾಗಲ್ಲಿ ಇದ್ರೆ ಪ್ರಯೋಜನ ಇಲ್ಲ. ಕೆನಡಾದ ಮ್ಯಾನಿಟೋಬಾ ಯೂನಿವರ್ಸಿಟಿಯ ಗಾರ್ಡನ್ ಗೀಸ್‌ಬ್ರೆಕ್ಟ್ ಅಂತ ಪ್ರೊಫೆಸರ್ ಇದಾರೆ, ತಾವೇ ತಣ್ಣೀರಿಗೆ ಇಳಿದಿಳಿದು ನೋಡಿದವರು, ಅವರ ಲೆಕ್ಕ 1-10-1. ಮೊದಲ 1 ನಿಮಿಷ ಉಸಿರು ಎಳ್ಕೊಳೋದು ತಡೆಯೋಕಾಗಲ್ಲ, ಆಗ ಒದ್ದಾಡ್ದೇ ತಲೆ ಮೇಲೆ ಇಟ್ಕೊಂಡು ಉಸಿರು ಸರಿ ಮಾಡ್ಕೊಳ್ಳೋದು. ಆಮೇಲೆ ಸುಮಾರು 10 ನಿಮಿಷ ಕೈಕಾಲು ಮಾತು ಕೇಳತ್ತೆ, ಅಷ್ಟರಲ್ಲಿ ಹೊರಗೆ ಬರ್ಬೇಕು. ಪ್ರಜ್ಞೆ ತಪ್ಪೋಕೆ 1 ಗಂಟೆ ಆಗಬಹುದು. ಬಂದ ದಿಕ್ಕಿಗೇ ತಿರುಗ್ಬೇಕು, ಆ ಐಸ್ ಅಲ್ಲೀವರೆಗೂ ಹೊತ್ತಿತ್ತಲ್ಲ. ಕಾಲು ಹಿಂದಕ್ಕೆ ಒದ್ದು ಮೀನಿನ ಥರ ಅಡ್ಡ ಮಲಗಿ ಮೇಲೆ ಜಾರ್ಬೇಕು, ಹೊರಗೆ ಬಂದ ತಕ್ಷಣ ಎದ್ದು ನಿಲ್ಲಬಾರದು, ಉರುಳ್ಕೊಂಡು ಹೋಗ್ಬೇಕು.

ಹೆಲ್ಮೆಟ್ ಬಿಡೋ ಹಾಗಿಲ್ಲ. ಒಬ್ಬನೇ ಹೋಗೋ ಹಾಗಿಲ್ಲ. ಗಾಳಿ ಹೋಗೋ ಕಡೆ ಮರ, ಕರೆಂಟ್ ಲೈನ್, ರಸ್ತೆ ಇರೋ ಜಾಗದಲ್ಲಿ ಕೈಟ್ ಏರಿಸ್ಬಾರದು. ಆ ಸರೋವರದಲ್ಲಿ ಐಸ್ ಬೋಟ್‌ನವರೂ, ಐಸ್ ಮೇಲೆ ಹಾಯಿ ಕಟ್ಟಿದ ಬೋಟ್ ಓಡಿಸೋರು, ಇದ್ರೆ ಅವರ ಕಡೆ ಸುಳೀಬಾರದು, ಅವು ಗಾಳಿಗಿಂತ ಮೂರ್ನಾಲ್ಕು ಪಟ್ಟು ವೇಗವಾಗಿ ಬರ್ತವೆ, ಇವನ 25 ಮೀಟರ್ ದಾರ ಅವರಿಗೆ ಕಾಣೋದೇ ಇಲ್ಲ. ಥರ್ಮಾಮೀಟರ್ ಮೈನಸ್ 10 ಅಂತ ಹೇಳಿದ್ರೂ ಗಂಟೆಗೆ 30 ಕಿಲೋಮೀಟರ್ ಗಾಳೀಲಿ ಚರ್ಮಕ್ಕೆ ಮೈನಸ್ 20 ಥರ ಅನ್ಸತ್ತೆ, ಕೆನ್ನೆ ಮೂಗು ಬಿಳಿ ಆಗಿ ಸ್ಪರ್ಶ ಗೊತ್ತಾಗ್ದಿದ್ರೆ ನಿಲ್ಲಿಸಿ ಒಳಗೆ ಬರ್ಬೇಕು, ಅಲ್ಲೇ ಮಂಜು ತಗೊಂಡು ಉಜ್ಜೋಕೆ ಹೋಗ್ಬಾರದು. ದೂರದ ದಡ ಮಸುಕಾಯ್ತು ಅಂದ್ರೆ ಕೈಟ್ ಇಳಿಸ್ಬೇಕು. ಈ ಒಂದನ್ನ ನಾನು ಅವತ್ತು ನೋಡಿದ್ದೆ, ನೋಡ್ಕೊಂಡು ನಿಂತಿದ್ದೆ.

ಐಸ್ ಅಳತೆ ನೋಡಿದಾರೆ ಅಂದ್ರೆ ಕಳಿಸು ಕಣೇ, ಸುಮ್ನೆ ಬೇಡ ಅಂದ್ರೆ ಹೇಳ್ದೇ ಹೋಗ್ತಾನೆ. ಚಿಕ್ಕ ಕೈಟ್ ತಗೊಂಡು ಹೋಗ್ಲಿ, ಎಷ್ಟು ಗಂಟೆಗೆ ವಾಪಸ್ ಬರ್ತೀನಿ ಅಂತ ಹೇಳಿ ಹೋಗ್ಲಿ. ಇವತ್ತು ಸಂಜೆ ಮನೇಲೇ ಹಾರ್ನೆಸ್ ಹಾಕ್ಕೊಂಡು, ಶನಿವಾರ ಯಾವ ಗ್ಲೌಸ್ ಹಾಕ್ತಾನೋ ಅದೇ ಗ್ಲೌಸ್ ಹಾಕ್ಕೊಂಡು, ಕಣ್ಣು ಮುಚ್ಕೊಂಡು ಹತ್ತು ಸಲ ಆ ಕೆಂಪು ಹಿಡಿಕೆ ಬಿಡಿಸ್ಲಿ. ನೀನು ಅದರ ವಿಡಿಯೋ ಮಾಡಿ ನನಗೆ ಕಳಿಸು, ಮಾವನಿಗೆ ತೋರಿಸ್ತೀನಿ, ಸರಿ ಇದೆಯಾ ಇಲ್ವಾ ಅವರು ಹೇಳ್ತಾರೆ. ಗುಂಪಿಗೆ ಹಾಕ್ಬೇಡ, ನನ್ನ ನಂಬರ್‌ಗೆ ಕಳಿಸು.